ತುಂಬುತೋಳಿನ ಫ್ರಾಕು

ಹೊಸ ಬಟ್ಟೆಯ ಥಾನು ಬಿಚ್ಚಿದಾಗ ಏಳುವ ಗಂಜಿಯ ವಾಸನೆ ನಿಮಗೂ ಗೊತ್ತಿರಬಹುದು. ಭಾಗ್ಯನಗರದ ನಮ್ಮ ಬಟ್ಟೆ ಅಂಗಡಿಯಲ್ಲಿ ನಲವತ್ತು ವರ್ಷ ಅದನ್ನೇ ಉಸಿರಾಡಿದವನು ನಾನು. ಮೊನ್ನೆ ಮಗ ಒಂದು ಥಾನು ಬಿಚ್ಚಿದ. ಆ ವಾಸನೆ ತಡೆಯಲಾಗದೆ ನಾನು ಎದ್ದು ಬಂದು ಮನೆಯ ಕಟ್ಟೆಯ ಮೇಲೆ ಕುಳಿತೆ.

ನನ್ನ ಮೊಮ್ಮಗಳು ಗೌರಿಗೆ ಹುಟ್ಟಿನಿಂದ ಡೌನ್ ಸಿಂಡ್ರೋಮ್. ಎರಡು ವರ್ಷ ತುಂಬುವ ಹೊತ್ತಿಗೆ ಅವಳ ತೋಳು, ತೊಡೆಗಳ ಮೇಲೆ ನೀಲಿ ಕಲೆಗಳು ಕಾಣಿಸಿಕೊಂಡವು. ಜ್ವರವಿಲ್ಲ, ಅಳುವಿಲ್ಲ. ಬಟ್ಟೆಯ ಮೇಲಿನ ಕಲೆ ನೋಡಿ ಎಣ್ಣೆಯದೋ ಎಲೆಯಡಿಕೆಯದೋ ಹೇಳಬಲ್ಲೆನೆಂಬ ಜಂಬ ನನಗೆ. ಈ ಕಲೆಗೂ ತೀರ್ಪು ಕೊಟ್ಟೆ. ಸೊಸೆ ಶಾಂತಾಳ ತವರಿನವರು ಹನುಮಸಾಗರದಿಂದ ಬಂದು ಊಟಕ್ಕೆ ಕುಳಿತಿದ್ದರು. ಅವರೆಲ್ಲರ ಎದುರೇ ಅವಳಿಗೆ ಅಂದೆ: "ಏನೂ ತಿಳೀದ ಕೂಸಿಗೆ ಹಿಂಗ ಚಿವುಟತಾರೇನವಾ?"

"ನಾ ಕೈ ಹಚ್ಚಿಲ್ರಿ ಮಾವಾರ."

ಅವಳ ಅಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು.

ವಾರದ ನಂತರ ಶಾಂತಾ ಅಂಗಡಿಗೆ ಬಂದು, ಗೌರಿಗೆ ತುಂಬುತೋಳಿನ ಫ್ರಾಕು, ಪೈಜಾಮ ಹೊಲಿಸಲು ಬಟ್ಟೆ ಕೇಳಿದಳು. ನಮ್ಮ ಕಡೆಯ ಬೇಸಿಗೆಯನ್ನು ನಿಮಗೆ ವರ್ಣಿಸಬೇಕಿಲ್ಲ. ಇಂಥ ಬಿಸಿಲಲ್ಲಿ ಯಾಕೆಂದು ನಾನು ಕೇಳಲಿಲ್ಲ. ಅಳೆದೆ, ಒಂದು ಗೇಣು ಹೆಚ್ಚೇ ಬಿಟ್ಟು ಕತ್ತರಿಸಿದೆ. ಅದನ್ನು ಔದಾರ್ಯವೆಂದುಕೊಂಡೆ.

ಎರಡು ತಿಂಗಳು ಆ ಮೈಯನ್ನು ಹೊರಗಿನವರು ಯಾರೂ ನೋಡಲಿಲ್ಲ. ನೆಗಡಿಗೆ ಔಷಧ ಕೇಳಲು ಹೋದಾಗಲೂ ಶಾಂತಾ ಫ್ರಾಕಿನ ತೋಳು ಮೇಲೆ ಸರಿಸಲಿಲ್ಲ; ಡಾಕ್ಟರೂ ನನ್ನಂತೆಯೇ ಅಂದಾರೆಂಬ ಅಂಜಿಕೆ. ಕೊನೆಗೆ ಅಂಗನವಾಡಿಯಲ್ಲಿ ತೂಕ ಮಾಡಲು ಫ್ರಾಕು ಬಿಚ್ಚಿಸಿದ ನರ್ಸಮ್ಮ, ಹೊಟ್ಟೆಯ ಮೇಲೆ ಸಾಸಿವೆಯಷ್ಟು ಸಣ್ಣ ಕೆಂಪು ಚುಕ್ಕೆಗಳನ್ನು ಕಂಡು ಬೆರಳಿನಿಂದ ಒತ್ತಿ ನೋಡಿದರು. "ಒತ್ತಿದ್ರೂ ಮಾಸವಲ್ವು. ಇವತ್ತ ರಕ್ತ ತಪಾಸ ಮಾಡಸ್ರಿ."

ದೊಡ್ಡಾಸ್ಪತ್ರೆಯಲ್ಲಿ ಡಾಕ್ಟರು ರಕ್ತದ ಕ್ಯಾನ್ಸರು ಎಂದರು. ಇಂಥ ಮಕ್ಕಳಲ್ಲಿ ಎಷ್ಟೋ ಸಲ ಬೇರೆ ಲಕ್ಷಣಗಳಿಗಿಂತ ತಿಂಗಳುಗಟ್ಟಲೆ ಮೊದಲೇ ರಕ್ತ ಹೆಪ್ಪುಗಟ್ಟಿಸುವ ಕಣಗಳು ಕಡಿಮೆಯಾಗುತ್ತವಂತೆ. ಹಾಗಾದರೆ ಯಾರೂ ಚಿವುಟಿದ್ದಲ್ಲವೇ ಎಂದು ಕೇಳಿದೆ.

"ಇಲ್ರಿ ಯಜಮಾನ್ರ. ಬರೇ ಎತ್ತಿಕೊಂಡ್ರೂ ಸಾಕು, ನೀಲಿಗಟ್ಟತೈತಿ."

ಮನೆಯಲ್ಲಿ ಅವಳನ್ನು ಹೆಚ್ಚಾಗಿ ಎತ್ತಿಕೊಳ್ಳುತ್ತಿದ್ದವನು ನಾನೇ.

ತಿಂಗಳುಗಟ್ಟಲೆ ಚಿಕಿತ್ಸೆ ನಡೆಯಿತು. ಗೌರಿ ಉಳಿದಳು, ಈಗ ಶಾಲೆಗೆ ಹೋಗುತ್ತಾಳೆ. ಆ ಎರಡು ತಿಂಗಳು ಮೊದಲೇ ಹೋಗಿದ್ದರೆ ಅವಳಿಗೆ ಒಂದಿಷ್ಟು ಸೂಜಿ ತಪ್ಪುತ್ತಿದ್ದವೇ? ಡಾಕ್ಟರು ಹೇಳಲಿಲ್ಲ, ನಾನು ಕೇಳಲಿಲ್ಲ.

ಮೊನ್ನೆ ಕಟ್ಟೆಯ ಮೇಲೆ ಕುಳಿತಿದ್ದಾಗ ಶಾಂತಾ ಚಹಾ ತಂದಳು.

"ತಪ್ಪಾಗೈತವಾ," ಎಂದೆ. ಯಾವುದೆಂದು ಅವಳಿಗೆ ಹೇಳಬೇಕಾಗಲಿಲ್ಲ.

"ಅವತ್ತ ಎಲ್ಲಾರ ಮುಂದ ಅಂದ್ರಿ ಮಾವಾರ. ಇವತ್ತ ನನ್ನ ಒಬ್ಬಾಕಿ ಕಿವ್ಯಾಗ ಹೇಳಾಕತ್ತೀರಿ."

ಭಾನುವಾರ ಬೀಗರನ್ನು ಊಟಕ್ಕೆ ಕರೆದಿದ್ದೇನೆ. ಅವರೆದುರು ನಾಲಿಗೆ ತಡವರಿಸದಿರಲೆಂದು, ಮೊದಲು ನಿಮ್ಮ ಮುಂದೆ ಹೇಳಿ ನೋಡಿದೆ.