ನಿಂತರೂ ಓಡುವ ಮೀಟರು

ಮುದಗಲ್ಲಿನ ಅರ್ಜುಮಂದ್ ವಿಮಾನ ಹಾರಿಸಲು ಕಲಿಸುತ್ತಾಳೆ ಎಂದು ತಿಳಿದವರು ಮೊದಲು ಕೇಳುವುದು, "ಹಜ್‌ಗೆ ಹೋಗೋರಿಗೆ ಟಿಕೀಟು ಕಮ್ಮಿ ಮಾಡಿಸ್ತಿಯೇನವಾ?" ಎಂದು. ತಾನು ಹಾರಿಸುವುದು ಇಬ್ಬರೇ ಕೂರುವ ಪುಟ್ಟ ವಿಮಾನವೆಂದು ಹೇಳಿ ಹೇಳಿ ಸಾಕಾಗಿ ಈಗ, "ಆತು, ಕೇಳ್ತೀನಿ" ಎಂದುಬಿಡುತ್ತಾಳೆ.

ಅಪ್ಪ ಪೀರ್‌ಸಾಬ್‌ಗೆ ಸ್ಟೋವ್, ಕುಕ್ಕರ್ ರಿಪೇರಿಯ ಅಂಗಡಿ. ಮಗಳು ಸರ್ಕಾರದ ವಿದ್ಯಾರ್ಥಿವೇತನದಲ್ಲಿ ಹಾರಾಟ ಕಲಿತಳು. ದೊಡ್ಡ ಕಂಪನಿಗಳು ಕರೆಯಲಿಲ್ಲ. ಊರೂರು ಅಲೆದು ಕಲಿಸುತ್ತಿದ್ದವಳು, ಲಿಂಗಸುಗೂರು–ಮಸ್ಕಿ ನಡುವಿನ ಬಯಲಿನಲ್ಲಿ ಖಾಸಗಿ ತರಬೇತಿ ಶಾಲೆಯೊಂದು ಶುರುವಾದಾಗ, ಮನೆಗೆ ಹತ್ತಿರವೆಂದು ಬಂದು ಸೇರಿದಳು. ಅಲ್ಲಿದ್ದದ್ದು ಎರಡು ವಿಮಾನ. ಅದರಲ್ಲೊಂದು ಬಿಡಿಭಾಗ ಸಿಗದೆ ಶೆಡ್ಡಿನಲ್ಲೇ ನಿಂತಿತ್ತು.

ವಿದ್ಯಾರ್ಥಿಗಳು ಹೆಚ್ಚಿನವರು ಪರದೇಶದವರು. ಇಲ್ಲಿ ಅಗ್ಗವೆಂಬ ಜಾಹೀರಾತು ನಂಬಿ ಬಂದವರು. ಬಂದ ಮೇಲೆ ಇಂಧನಕ್ಕೆ ಬೇರೆ ದುಡ್ಡು, ಇನ್ನೊಂದು ಊರಲ್ಲಿ ಇಳಿದರೆ ಅದಕ್ಕೆ ಬೇರೆ ಎಂದು ಗೊತ್ತಾಗುತ್ತಿತ್ತು. ಎಲ್ಲಕ್ಕಿಂತ ಕೆಟ್ಟದ್ದು ಬಾಡಿಗೆಯ ತಾಸು ಎಣಿಸುವ ಮೀಟರು. ಇಂಜಿನ್ ಚಾಲೂ ಆದ ಗಳಿಗೆಯಿಂದ ಅದು ಓಡುತ್ತದೆ. ರನ್‌ವೇಗೆ ಬೇಲಿಯಿಲ್ಲ. ಕುರಿಗಳು ಬಂದು ನಿಂತರೆ ವಿಮಾನವೂ ನಿಲ್ಲಬೇಕು, ಬಾಡಿಗೆ ನಿಲ್ಲುವುದಿಲ್ಲ.

ಕೀನ್ಯಾದ ವಂಜಿರು ಅಂಥವರಲ್ಲಿ ಒಬ್ಬಳು. ಅವಳ ತಾಯಿ ಬೇಕರಿ ನಡೆಸಿ, ಅಣ್ಣಂದಿರು ದುಡ್ಡು ಒಟ್ಟುಗೂಡಿಸಿ ಕಳಿಸಿದ್ದರು. ಅವಳಿಗೆ ಉಳಿದಿದ್ದು ಒಬ್ಬಳೇ ಹೋಗಿ ಬೇರೆ ಎರಡು ಕಡೆ ಇಳಿದು ಬರುವ ದೂರದ ಹಾರಾಟ ಮಾತ್ರ. ಭತ್ತದ ಕೊಯ್ಲು ಮುಗಿದ ಕಾಲ. ದಢೇಸುಗೂರಿನ ಕಡೆ ಹುಲ್ಲು ಸುಟ್ಟ ಹೊಗೆಯಿಂದ ಎರಡು ಸಲ ಹಾರಾಟ ತಪ್ಪಿತ್ತು. ಕೊನೆಗೆ ಗುರುವಾರವೆಂದು ನಿಗದಿಯಾಯಿತು. ಶುಕ್ರವಾರ ವಿಮಾನ ತಪಾಸಣೆಗೆ ಹೋಗುವುದಿತ್ತು. ಅದು ಮರಳುವಷ್ಟರಲ್ಲಿ ವಂಜಿರುವಿನ ವೀಸಾ ಮುಗಿಯುತ್ತಿತ್ತು.

ಸೋಮವಾರ ಶಾಲೆಯ ಮ್ಯಾನೇಜರ್ ಪವನ ನಗುತ್ತ ಬಂದ. ಸಿಂಧನೂರಿನ ರೈಸ್‌ಮಿಲ್ ಮಾಲೀಕ ದೊಡ್ಡಬಸಪ್ಪ, ಮಗಳ ಮದುವೆಯ ಮೆರವಣಿಗೆ ಮೇಲೆ ವಿಮಾನದಿಂದ ಹೂವು ಚೆಲ್ಲಿಸಬೇಕೆಂದಿದ್ದರು. ಅದೂ ಗುರುವಾರವೇ.

"ಹುಡುಗಿ ಮುಂದಿನ ತಿಂಗಳು ಹಾರ್ಲಿ ಬಿಡ್ರಿ ಮೇಡಂ" ಎಂದ ಪವನ.

"ಮುಂದಿನ ತಿಂಗಳು ಆಕಿ ಇಲ್ಲಿ ಇರಾಂಗಿಲ್ಲ. ಕಲಿಸೋ ವಿಮಾನದಾಗ ಹೂವು ಚೆಲ್ಲಾಕ ಪರವಾನಗಿ ಇಲ್ಲ, ನಿಮಗೂ ಗೊತ್ತದ."

"ಯಾರು ನೋಡ್ತಾರ್ರಿ?"

"ಇಡೀ ಸಿಂಧನೂರು ನೋಡ್ಲಿ ಅಂತನ ಅಲ್ಲೇನ್ರಿ ಅವರು ಮಾಡಿಸಾಕತ್ತಿದ್ದು?"

ಪವನ, ಬೇರೆ ಊರಿನಿಂದ ಪೈಲಟ್ ಕರೆಸುತ್ತೇನೆ ಎಂದು ಎದ್ದುಹೋದ. ಅರ್ಜುಮಂದ್‌ಗೆ ಸಿಟ್ಟಿಗಿಂತ ಹೆಚ್ಚಾಗಿ ಬೇಸರ ಬಂತು. ಮರುದಿನ ಮಸ್ಕಿಗೆ ಬಂದು ಬಸ್ಸು ಹಿಡಿದು ನೇರ ದೊಡ್ಡಬಸಪ್ಪನವರ ಮಿಲ್ಲಿಗೆ ಹೋದಳು. ಅವರು ಕಾನೂನು ಹೇಳಿದರೆ 'ಮೇಲಿನವರ ಜೋಡಿ ಮಾತಾಡ್ತೀನಿ' ಅನ್ನುವ ಮನುಷ್ಯ. ಹಾಗಾಗಿ ಬಾಡಿಗೆಯ ಮಾತೆತ್ತಿದಳು.

"ತಾಸಿಗೆ ಹದಿನಾಲ್ಕು ಸಾವಿರ ಅಂದಾರ" ಎಂದರು ಅವರು.

"ತಾಸು ಯಾವಾಗಿಂದ ಹಿಡೀತಾರ, ಹೇಳ್ಯಾರೇನ್ರಿ?"

"ಹಾರಿದ ಮ್ಯಾಲ, ಮತ್ತೇನು?"

"ಇಂಜಿನ್ ಚಾಲೂ ಆದಾಗಿಂದ. ಕುರಿ ಅಡ್ಡ ಬಂದ್ರ ಓಡ್ತದ. ಹೊಗಿ ಕವಿದು ಸುತ್ತು ಹೊಡದ್ರ ಓಡ್ತದ. ನಿಮ್ಮ ಮೆರವಣಿಗಿ ತಡ ಆದ್ರನೂ ಓಡ್ತದ."

"ಮೆರವಣಿಗಿ ತಡ ಆಗದ ಇರ್ತದೇನವ್ವ?"

"ಗಾಳಿಗೆ ಹೂವು ಎಲ್ಲಿ ಬೀಳ್ತಾವ, ಅದನ್ನೂ ನನಗ ಹೇಳಾಕ ಬರಾಂಗಿಲ್ಲ. ಕಾಲುವ್ಯಾಗ ಬಿದ್ರೂ ಬಿದ್ದಾವ."

ದೊಡ್ಡಬಸಪ್ಪ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. "ಭತ್ತ ಕೊಯ್ಯೋ ಮಷೀನು ನಾವೂ ಬಾಡಿಗಿ ತರ್ತೀವಿ. ಗದ್ದ್ಯಾಗ ಇಳಿದ ಮ್ಯಾಲನ ತಾಸು ಹಿಡೀತೀವಿ. ದಾರ್ಯಾಗ ನಿಂತಿದ್ದಕ್ಕ ಯಾವನು ಕೊಡ್ತಾನ?"

"ನನ್ನ ಹುಡುಗರು ಕೊಡಾಕತ್ತಾರ್ರಿ. ಪರದೇಶದಿಂದ ಬಂದು ಕೊಡಾಕತ್ತಾರ."

ಅವರು ಅಲ್ಲೇ ಪವನನಿಗೆ ಫೋನ್ ಹಚ್ಚಿ, ವಿಮಾನ ಬೇಡವೆಂದರು. ಕುರಿ ನಿಂತಿದ್ದಕ್ಕೂ ರೊಕ್ಕ ಕೇಳುತ್ತೀಯಂತಲ್ಲ ಎಂದು ಬೈದರು ಕೂಡ. ಅರ್ಜುಮಂದ್ ಮರಳಿದಾಗ ಪವನ ಮುಖ ತಿರುಗಿಸಿಕೊಂಡು ಕೂತಿದ್ದ.

ಗುರುವಾರ ಆಕಾಶ ತಿಳಿಯಾಗಿತ್ತು. ವಂಜಿರು ಒಬ್ಬಳೇ ಹೊರಟಳು. ಅರ್ಜುಮಂದ್ ಊಟ ಬಿಚ್ಚಲಿಲ್ಲ, ಫೋನ್ ಕೆಳಗಿಡಲಿಲ್ಲ. ಎರಡನೆಯ ಕಡೆಯಿಂದಲೂ ಹೊರಟಳೆಂಬ ಸುದ್ದಿ ಬಂದ ಮೇಲೆ ಸ್ವಲ್ಪ ಉಸಿರಾಡಿದಳು. ಮಧ್ಯಾಹ್ನ ಇಂಜಿನ್ನಿನ ಸದ್ದು ಕೇಳಿ ಹೊರಗೆ ಬಂದರೆ ರನ್‌ವೇ ತುಂಬ ಕುರಿಗಳು.

ಅವಳು ಓಡಿದಳು. ಕುರಿ ಕಾಯುವ ಮುದುಕಪ್ಪ ಬೇವಿನ ನೆರಳಲ್ಲಿ ಬುತ್ತಿ ಬಿಚ್ಚಿದ್ದ.

"ಏ ಅಜ್ಜಾ, ದಿನಾ ಇದನ ಏನು? ಮ್ಯಾಲ ಹುಡುಗಿ ಅದಾಳ, ಎಬ್ಬಿಸ್ರಿ ಅವನ್ನ."

"ಹೊಡೀತೀನವ್ವ. ಅವೂ ಉಣ್ಣಬೇಕಲ್ಲ" ಎನ್ನುತ್ತ ಅವನು ನಿಧಾನವಾಗಿ ಎದ್ದ.

ಮೇಲೆ ವಂಜಿರು ಗಡಿಬಿಡಿ ಮಾಡಿಕೊಳ್ಳಲಿಲ್ಲ. ಕಲಿಸಿದ ಎತ್ತರದಲ್ಲೇ ಸುತ್ತು ಹಾಕುತ್ತಿದ್ದಳು. ಕೊನೆಯ ಕುರಿ ದಾಟಿದ ಮೇಲೆ ನೀಟಾಗಿ ಇಳಿದಳು. ಅರ್ಜುಮಂದ್ ಕೆಳಗಿಳಿದವಳ ಎರಡೂ ಕೈ ಹಿಡಿದು ಕುಲುಕಿದಳು.

ಅಷ್ಟರಲ್ಲಿ ಪವನ ಮೀಟರು ನೋಡಿ ಬಂದ. "ಸುತ್ತು ಹೊಡದ ಇಪ್ಪತ್ತು ನಿಮಿಷನೂ ಸೇರಸ್ತೀನ್ರಿ."

"ಸೇರಸ್ರಿ. ನಾಳಿಂದ ಕಲಿಸಾಕ ಬ್ಯಾರೆಯವರನ್ನ ನೋಡ್ರಿ" ಎಂದಳು ಅರ್ಜುಮಂದ್, ದನಿ ಏರಿಸದೆ.

ಅವಳನ್ನು ಬಿಟ್ಟರೆ ಅಲ್ಲಿ ಕಲಿಸುವವರಿರಲಿಲ್ಲ. ಪವನ ಗೊಣಗುತ್ತ ಇಪ್ಪತ್ತು ನಿಮಿಷ ಲೆಕ್ಕದಿಂದ ಬಿಟ್ಟ.

ವಂಜಿರು ವೀಸಾ ಮುಗಿಯುವ ಮೊದಲೇ ಕಲಿಕೆ ಮುಗಿಸಿ ಊರಿಗೆ ಹೋದಳು. ಬೇಲಿ ಮಾತ್ರ ಇನ್ನೂ ಬಂದಿಲ್ಲ. ಬದಲಿಗೆ ಪವನ ತಾಸಿನ ಬಾಡಿಗೆಗೆ ಐನೂರು ಏರಿಸಿ, ಅದಕ್ಕೆ ರನ್‌ವೇ ನಿರ್ವಹಣೆ ಎಂದು ಹೆಸರಿಟ್ಟ. ಅರ್ಜುಮಂದ್ ಈಗ ಹೊಸಬರಿಗೆ ಮೊದಲ ದಿನವೇ, ಪವನ ಎದುರಿಗಿದ್ದಾಗಲೇ, ಯಾವುದಕ್ಕೆಲ್ಲ ಕೊಡಬೇಕಾಗುತ್ತದೆ ಎಂದು ಬಿಡಿಸಿ ಹೇಳುತ್ತಾಳೆ. ಹೋದ ತಿಂಗಳು ನೇಪಾಳದಿಂದ ಮೂವರು ಬಂದಿದ್ದರು. ಕೇಳಿದ ಮೇಲೆ ಇಬ್ಬರು ಹೊರಟುಹೋದರು. ಉಳಿದವನಿಗೆ ವಿಮಾನವನ್ನು ನೆಟ್ಟಗೆ ಇಳಿಸಲು ಇನ್ನೂ ಬರುವುದಿಲ್ಲ, ಮೀಟರಿನ ಲೆಕ್ಕ ಮಾತ್ರ ಬಾಯಿಪಾಠ.