ಎಲೆಫ್ಸಿನಾದ ಬಾವಿಕಟ್ಟೆಯಲ್ಲಿ ಉಡಿ

ಧಾರವಾಡದಿಂದ ನ್ಯೂಜೆರ್ಸಿಯ ಹ್ಯಾರಿಸನ್ನಿನ ನಮ್ಮ ಮನೆಗೆ ಬಂದಿದ್ದ ಅವ್ವನನ್ನು ಕರೆದುಕೊಂಡು ಮೇ ಕೊನೆಯಲ್ಲಿ ನೆವಾರ್ಕಿನಿಂದ ಅಥೆನ್ಸಿಗೆ ವಿಮಾನ ಹತ್ತಿದೆ. ಹತ್ತು ಗಂಟೆಯ ಹಾದಿ. ನಮ್ಮವರೆಲ್ಲ ಊರಿನಿಂದ ಬಂದವರಿಗೆ ನಯಾಗರ ತೋರಿಸಿ ಕೈತೊಳೆದುಕೊಳ್ಳುತ್ತಾರೆ. ನಾನು ಗ್ರೀಸ್ ತೋರಿಸುವವನು ಎಂಬ ಜಂಬ ನನಗಿತ್ತು.

ಮೂರನೆಯ ದಿನ ಎಲೆಫ್ಸಿನಾಕ್ಕೆ ಹೋದೆವು. ಅಥೆನ್ಸಿನಿಂದ ಇಪ್ಪತ್ತು ಕಿಲೋಮೀಟರ್ ಚಿಲ್ಲರೆ. ಸಿಟಿ ಬಸ್ಸಿನಲ್ಲಿ ಇಬ್ಬರಿಗೂ ಸೇರಿ ಮೂರು ಯೂರೋ ಒಳಗೇ ಮುಗಿಯಿತು. ಊರು ಹತ್ತಿರವಾದಂತೆ ರಿಫೈನರಿಯ ವಾಸನೆ ಬಂತು, ಮನೆ ಹತ್ತಿರದ ಟರ್ನ್‌ಪೈಕ್ ಹೆದ್ದಾರಿಯಲ್ಲಿ ನಾವು ಕಾರಿನ ಗಾಜು ಏರಿಸುತ್ತೇವಲ್ಲ, ಅದೇ ವಾಸನೆ.

"ಇಷ್ಟ್ ದೂರ ಬಂದು ಮತ್ತ ನಿಮ್ಮ ನ್ಯೂಜೆರ್ಸಿನೇ ಬಂತಲ್ಲೋ ತಮ್ಮಾ" ಎಂದು ಅವ್ವ ನಕ್ಕಳು.

ಹಾಳುಬಿದ್ದ ಹಳೆಯ ಗುಡಿಯ ಆವರಣದೊಳಗೆ ಉರುಳಿಬಿದ್ದ ಕಂಬಗಳು, ಸವೆದ ಅಮೃತಶಿಲೆಯ ಮೆಟ್ಟಿಲುಗಳು, ತಲೆ ಸುಡುವ ಬಿಸಿಲು. ಬೆಳೆ ಕೊಡುವ ದೇವಿ ದೆಮೆತರ್, ಪಾತಾಳದ ಪಾಲಾದ ಮಗಳನ್ನು ಹುಡುಕುತ್ತ ಬಂದು ಇಲ್ಲಿಯ ಬಾವಿಯ ಬಳಿ ಕೂತು ಅತ್ತಳಂತೆ. ಈ ಕತೆಯನ್ನು ಮನೆಯಲ್ಲೇ ಅವ್ವನಿಗೆ ಹೇಳಿದ್ದೆ. ಹೇಳಬಾರದಿತ್ತು.

ನಾನು ಫೋಟೋ ತೆಗೆಯಲು ಮೇಲೆ ಹತ್ತಿದ್ದೆ. ಕೆಳಗೆ ಸೀಟಿ ಕೇಳಿಸಿತು. ನೋಡಿದರೆ ಅವ್ವ ಹಗ್ಗ ದಾಟಿ, ಚಪ್ಪಲಿ ಬಿಟ್ಟು, ಬಾವಿಯ ಕಲ್ಲಿಗೆ ಅರಿಶಿನ ಕುಂಕುಮ ಹಚ್ಚಿ, ಹಸಿರು ಖಣದ ಮೇಲೆ ಅಕ್ಕಿ, ಒಣಕೊಬ್ಬರಿ, ಉತ್ತತ್ತಿ ಇಟ್ಟು ದೇವಿಗೆ ಉಡಿ ತುಂಬುತ್ತಿದ್ದಾಳೆ! ಸುತ್ತ ನಿಂತ ಪ್ರವಾಸಿಗರು ಮೊಬೈಲ್ ಎತ್ತಿದ್ದರು. ಕಾವಲಿನ ಹೆಂಗಸು ಕೂಗಾಡುತ್ತಿದ್ದಳು. ಅಲ್ಲಿದ್ದ ಇನ್ನೊಂದು ಇಂಡಿಯನ್ ಮುಖ ನನ್ನದೊಂದೇ. ಕಾವಲಿನವಳು ಮೆಟ್ಟಿಲ ಬುಡಕ್ಕೆ ಬಂದು, "ಇವರು ನಿಮ್ಮ ಜೊತೆಯವರಾ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು.

"ಅಲ್ಲ" ಎಂದೆ.

ಅಷ್ಟು ಸಲೀಸಾಗಿ ಬಾಯಿಂದ ಬಂತು. ಆಮೇಲೆ ನಾನು ಒಂದು ಫಲಕದ ಮುಂದೆ ನಿಂತು ಓದುವವನಂತೆ ನಟಿಸಿದೆ. ಅವ್ವ ಮೊಣಕಾಲೂರಿ, ಬಾಟಲಿಯ ನೀರು ಹಾಕಿ, ಸೆರಗಿನಿಂದ ಅರಿಶಿನ ಕುಂಕುಮ ಒರೆಸಿದಳು. ಅಕ್ಕಿಯ ಒಂದೊಂದೇ ಕಾಳು ಆಯ್ದಳು. ಎಪ್ಪತ್ತರ ಹತ್ತಿರದ ಜೀವ. ನಾನು ಇಳಿಯಲಿಲ್ಲ.

ಗೇಟಿನ ಹೊರಗೆ ಸೇರಿಕೊಂಡಾಗ ಅವ್ವ, "ಹಸಿವಾಗೈತಿ, ನಡಿ" ಎಂದಳಷ್ಟೆ. ಪಾಲಕ್ ತುಂಬಿದ ಪಫ್ ತಿಂದೆವು. ಉಳಿದ ಎರಡು ದಿನ ಆ ಮಾತು ಇಬ್ಬರೂ ಎತ್ತಲಿಲ್ಲ. ಅವ್ವನ ಸೆರಗಿನ ಅರಿಶಿನ ಹೋಟೆಲಿನ ಸೋಪಿಗೆ ಬಿಡಲಿಲ್ಲ. ಅದು ಕಣ್ಣಿಗೆ ಬಿದ್ದಾಗಲೆಲ್ಲ ನಾಚಿಕೆಯಿಂದ ನಾನು ಕಿಟಕಿಯ ಕಡೆ ತಿರುಗುತ್ತಿದ್ದೆ.

ವಾಪಸು ಬಂದು ನೆವಾರ್ಕ್ ಪೆನ್ ಸ್ಟೇಷನ್ನಿನಲ್ಲಿ ಹ್ಯಾರಿಸನ್ ರೈಲಿಗೆ ಕಾಯುತ್ತಿದ್ದಾಗ ತಡೆಯಲಾಗಲಿಲ್ಲ. "ಅವ್ವಾ, ಅವತ್ತು ಬಾವಿ ಹತ್ರ ಆಕಿ ನನ್ನ ಕೇಳಿದಾಗ..." ಎಂದು ಶುರುಮಾಡಿದೆ.

ಅವ್ವ ಮಾತು ಮುಗಿಸಗೊಡಲಿಲ್ಲ. ಸುತ್ತ ನೋಡಿ, ದನಿ ತಗ್ಗಿಸಿದಳು.

"ಮೊದಲ ಆಕಿ ನನ್ನೇ ಕೇಳಿದ್ಲು, ಯಾರ ಜೋಡಿ ಬಂದೀ ಅಂತ ಕೈಸನ್ನಿ ಮಾಡಿ. ನಿನ್ನ ಗ್ರೀನ್ ಕಾರ್ಡಿಗೆ ಏನರ ತ್ರಾಸ ಆದೀತಂತ ಒಂದ ಬಟ್ಟ ತೋರಿಸಿದೆ, ಒಬ್ಬಾಕಿನ ಬಂದೀನಿ ಅಂತ. ನಿನ್ನ ಕಡೆ ಹೊಳ್ಳಿನೂ ನೋಡಲಿಲ್ಲ. ನೀನೂ ಶ್ಯಾಣ್ಯಾ, ಇಳಿದು ಬರಲಿಲ್ಲ. ಛಲೋ ಮಾಡಿದಿ."

ರೈಲು ಬಂತು. ಅವ್ವ ನನ್ನ ತೋಳು ಹಿಡಿದು ಹತ್ತಿದಳು. ಇಬ್ಬರೂ ಹೇಳಿದ್ದು ಒಂದೇ ಸುಳ್ಳು. ಅವ್ವ ಹೇಳಿದ್ದು ನನಗಾಗಿ. ನಾನು ಹೇಳಿದ್ದೂ ನನಗಾಗಿಯೇ.