ಸಾಯಬಣ್ಣ ಮಾಸ್ತರರ ಹೆಸರಿಲ್ಲದ ರೆಕಾರ್ಡು

ಎಡಗಾಲನ್ನು ಎರಡು ಸಲ ನೆಲಕ್ಕೆ ಬಡಿಯದೆ ಸಾಯಬಣ್ಣ ಮಾಸ್ತರರು ಯಾವ ಕೆಲಸವನ್ನೂ ಶುರು ಮಾಡಿದವರಲ್ಲ. ಚಹಾ ಕುಡಿಯುವ ಮೊದಲು ದಪ್ ದಪ್. ಬಸ್ಸು ಹತ್ತುವ ಮೊದಲು ದಪ್ ದಪ್. ಒಮ್ಮೆ ಸಿಂದಗಿ ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರ್ ರೇಗಿಬಿಟ್ಟಿದ್ದ: "ಮಾಸ್ತರ, ಹತ್ತೂದಿದ್ರ ಹತ್ರಿ, ಇಲ್ಲಾಂದ್ರ ಅಲ್ಲೇ ಕುಣಕೋತ ನಿಂದರ್‍ರಿ." ಇವರು ನಗುತ್ತ ಹತ್ತಿದರು. ಒಳಗೆ ಸೀಟು ಖಾಲಿ ಬಿದ್ದಿದ್ದರೂ ಕೂಡಲಿಲ್ಲ. ಟ್ರಂಪೆಟ್ಟಿನ ಚೀಲ ಎದೆಗವುಚಿಕೊಂಡು ಊರು ಮುಟ್ಟುವ ತನಕ ನಿಂತೇ ಹೋದರು.

ಕೂಡುವುದು ಅವರ ಜಾಯಮಾನದಲ್ಲೇ ಇರಲಿಲ್ಲ. ನನ್ನ ಅಂಗಡಿಗೆ ಆರೇಳು ವರ್ಷ ಬಂದರು. ನಾನು ಸ್ಟೂಲು ತೋರಿಸಿದರೆ, "ಬ್ಯಾಡ್ರಿ, ಕುಂತ್ರ ಉಸಿರ ಮಲಗತೈತಿ" ಎಂದು ಬಾಗಿಲಿಗೂ ಟೇಬಲ್ಲಿಗೂ ನಡುವೆ ಅಡ್ಡಾಡುತ್ತಿದ್ದರು. ಅವರನ್ನು ನೋಡಿ ನೋಡಿ ನನಗೇ ಕಾಲು ನೋಯುತ್ತಿತ್ತು.

ಊರು ಮೋರಟಗಿ. ಏಳು ಜನರ ಮದುವೆ ಬ್ಯಾಂಡು ಅವರದು. ಇಂಡಿಯಿಂದ ಮುದ್ದೇಬಿಹಾಳದ ತನಕ ಅವರ ಟ್ರಂಪೆಟ್ಟು ಕೇಳದೆ ಮದುಮಗ ಕುದುರೆ ಹತ್ತುತ್ತಿರಲಿಲ್ಲ. ನನ್ನದು ಸಿಂದಗಿಯಲ್ಲಿ ರೇಡಿಯೋ ರಿಪೇರಿ ಅಂಗಡಿ. ಎಪ್ಪತ್ತರ ದಶಕದ ಮೊದಲ ವರ್ಷಗಳು. ರಿಪೇರಿಗೆ ಬಂದ ಸೆಟ್ಟುಗಳ ಶಾರ್ಟ್‌ವೇವ್ ತಿರುವುತ್ತ ತಿರುವುತ್ತ ನನಗೆ ಜಾಝ್ ಸಂಗೀತದ ಹುಚ್ಚು ಹಿಡಿಯಿತು. ಹುಚ್ಚು ಒಬ್ಬನಿಗೆ ಹಿಡಿದರೆ ಹುಚ್ಚು, ಮೂವರಿಗೆ ಹಿಡಿದರೆ ಮಂಡಳಿ! ಮುದ್ದೇಬಿಹಾಳದ ಕಂಪೌಂಡರ್ ಈರಣ್ಣ, ಬಸವನ ಬಾಗೇವಾಡಿಯ ಡ್ರಾಯಿಂಗ್ ಮಾಸ್ತರ ದೇಸಾಯರು ಮತ್ತು ನಾನು. ಸೊಲ್ಲಾಪುರದ ಹಳೇ ಬಜಾರಿನಿಂದ ಯಾರೋ ಒಗೆದ ಜಾಝ್ ರೆಕಾರ್ಡು ಆರಿಸಿ ತರುತ್ತಿದ್ದೆವು. ತಿಂಗಳಿಗೊಮ್ಮೆ ಒಬ್ಬೊಬ್ಬರ ಊರಲ್ಲಿ ಸೇರಿ, ರೆಕಾರ್ಡಿನ ಲೇಬಲ್ಲಿಗೆ ಕಾಗದ ಮುಚ್ಚಿ ಹಚ್ಚುತ್ತಿದ್ದೆವು. ಊದುತ್ತಿರುವವನು ಯಾರು ಎಂದು ಗುರುತಿಸಬೇಕು. ತಪ್ಪಿದವನು ಎಲ್ಲರಿಗೂ ಮಿರ್ಚಿ ಭಜಿ ತಿನ್ನಿಸಬೇಕು.

ಇಂಥ ಒಂದು ಬೈಠಕ್ಕು ನನ್ನ ಅಂಗಡಿಯಲ್ಲಿ ನಡೆದಿದ್ದಾಗ ಸಾಯಬಣ್ಣ ಮಾಸ್ತರರು ಬ್ಯಾಂಡಿನ ಮೈಕು ರಿಪೇರಿಗೆ ತಂದರು. ಹೊಸ್ತಿಲ ಹೊರಗೇ ನಿಂತು ಕಿವಿ ಕೊಟ್ಟರು. ಆಮೇಲೆ, "ಊದಾಂವ ನಿಂತ ಊದಾಕತ್ಯಾನ್ರಿ. ಅಂವನ ಬಾಜೂಕ ಇರಾಂವಗ ನೆಗಡಿ ಆಗೈತಿ" ಎಂದರು.

ನಾವು ಮೂವರೂ ಮುಖ ಮುಖ ನೋಡಿಕೊಂಡೆವು.

"ಮತ್ತ, ಹೋದ ರಿಕಾರ್ಡಿನ್ಯಾಗೂ ಇಂವನ ಇದ್ದ" ಎಂದು ಸೇರಿಸಿದರು. ಕಾಗದ ಕಿತ್ತು ನೋಡಿದರೆ ಹೌದು! ಎರಡೂ ಒಬ್ಬನವೇ. ಮಾಸ್ತರರಿಗೆ ಇಂಗ್ಲಿಷು ಬಾರದು, ಹೆಸರು ಗೊತ್ತಿಲ್ಲ, ದೇಶ ಗೊತ್ತಿಲ್ಲ. ಬರೀ ಉಸಿರಿನ ಮೇಲೆ ಮನುಷ್ಯನನ್ನು ಹಿಡಿಯುತ್ತಿದ್ದರು. "ಸುಳ್ಳ ಹೇಳೂದು ಬಾಯಿ ಕೆಲಸ್ರೀ, ಉಸಿರಿಗೆ ಅದು ಬರೂದಿಲ್ಲ" ಎನ್ನುವುದು ಅವರ ಮಾತು. ಅಂದಿನಿಂದ ಮಂಡಳಿ ನಾಲ್ಕು ಜನರದಾಯಿತು.

ನಾಲ್ಕು ಜನ ಎಂದೆ. ಆದರೆ ಚಹಾದ ಗ್ಲಾಸುಗಳು ಮೂರು ಒಂದು ಕಡೆ, ಒಂದು ಇನ್ನೊಂದು ಕಡೆ. ನಮ್ಮ ಗ್ಲಾಸು ಟೇಬಲ್ಲಿನ ಮೇಲೆ, ಅವರದು ಕಿಟಕಿಯ ಪಕ್ಕದ ಗೂಡಿನಲ್ಲಿ. ಅಪ್ಪನ ಕಾಲದಿಂದ ಹಾಗೇ ನಡೆದು ಬಂದಿತ್ತು. ನಾನು ತೆಗೆಯಲಿಲ್ಲ, ಅವರು ಕೇಳಲಿಲ್ಲ. ಬಾಯಿತುಂಬ ಮಾಸ್ತರ ಮಾಸ್ತರ ಎಂದು ಕರೆಯುತ್ತಿದ್ದೆವು, ಗ್ಲಾಸು ಮಾತ್ರ ಗೂಡಿನಲ್ಲಿ. ಇದನ್ನು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ.

ಒಂದು ಸಂತೆಯ ದಿನ ಮಾಸ್ತರರು ಬ್ಯಾಂಡಿನ ಕೆಂಪು ರುಮಾಲಿನಲ್ಲಿ ಸುತ್ತಿ ತಮ್ಮದೇ ಒಂದು ರೆಕಾರ್ಡು ತಂದರು. ಅದರ ಲೇಬಲ್ಲನ್ನು ಗೆದ್ದಲು ತಿಂದು ಒಂದಕ್ಷರವೂ ಉಳಿದಿರಲಿಲ್ಲ. ಅಂಚಿನಲ್ಲೊಂದು ಸೀಳು. "ಇದನ್ನ ಗುರುತ ಹಿಡೀರಿ ನೋಡೋಣ" ಎಂದರು. ಚಾವಿ ಕೊಡುವ ಹಳೆಯ ಗ್ರಾಮೊಫೋನಿನಲ್ಲೇ ಹಚ್ಚಬೇಕೆಂದು ಕರಾರು ಬೇರೆ. ಕರೆಂಟಿನ ಪ್ಲೇಯರಿಗೆ ಹಚ್ಚಿದರೆ ಸೀಳು ಬಿರಿಯುತ್ತದೆ ಎಂಬ ಹೆದರಿಕೆ ಅವರಿಗೆ. ಹಚ್ಚಿದೆ. ಜಾಝ್ ತಂಡವೊಂದು ಕುಣಿಕುಣಿದು ಬಾರಿಸುತ್ತಿತ್ತು. ನಡುವೆ ಎಲ್ಲ ನಿಂತು ಒಂದೇ ಒಂದು ಟ್ರಂಪೆಟ್ಟು ಎದ್ದಿತು ನೋಡಿ, ಅಬ್ಬಬ್ಬಾ! ಈರಣ್ಣ ಕೈಯಲ್ಲಿದ್ದ ಭಜಿ ಮರೆತ. ದೇಸಾಯರು ಅಮೆರಿಕದವನೊಬ್ಬನ ಹೆಸರು ಹೇಳಿದರು. ನಾನು ಇನ್ನೊಬ್ಬನದು ಹೇಳಿದೆ.

ಮಾಸ್ತರರು ಕಾಲು ಬಡಿದರು, ದಪ್ ದಪ್. "ಇಬ್ಬರೂ ಅಲ್ರೀ. ನಾನು."

ನಕ್ಕೆವು. ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅವರು ನಗಲಿಲ್ಲ. ಹದಿನೇಳನೇ ವಯಸ್ಸಿನಲ್ಲಿ ಮುಂಬೈಗೆ ಓಡಿಹೋಗಿದ್ದರಂತೆ. ಹೋಟೆಲಿನಲ್ಲಿ ಬಾರಿಸುವ ಗೋವೆಯ ಬ್ಯಾಂಡ್ ಮಾಸ್ತರನೊಬ್ಬನ ಪೆಟ್ಟಿಗೆ ಹೊರುತ್ತ ಊದಲು ಕಲಿತರಂತೆ. ರೆಕಾರ್ಡಿಂಗಿನ ದಿನ ಟ್ರಂಪೆಟ್ಟಿನವನಿಗೆ ಜ್ವರ ಬಂತು, ಇವರನ್ನು ನಿಲ್ಲಿಸಿದರು. ಒಂದೇ ಹಾಡು. ಲೇಬಲ್ಲಿನ ಮೇಲೆ ಬ್ಯಾಂಡಿನ ಹೆಸರು ಬಿಟ್ಟರೆ ಇವರ ಹೆಸರು ಮೊದಲೂ ಇರಲಿಲ್ಲ. ಮರುವರ್ಷ ತಾಯಿಗೆ ಆರಾಮಿಲ್ಲವೆಂದು ಮೋರಟಗಿಗೆ ಬಂದವರು ತಿರುಗಿ ಹೋಗಲಿಲ್ಲ.

ದೇಸಾಯರು, "ಮಾಸ್ತರ, ಕೈಗೆ ಸಿಕ್ಕಿದ್ದೆಲ್ಲಾ ನಂದು ಅನಬಾರ್‍ದು" ಎಂದರು. ನಾನು ಅದಕ್ಕಿಂತ ಕೆಟ್ಟದ್ದು ಅಂದೆ: "ನಿಮ್ಮ ಓಣಿಯಿಂದ ಯಾರ್‍ರೀ ಮುಂಬೈ ಹೋಟೆಲಿನ ಒಳಗ ಬಿಡ್ತಾರ?" ಅವರು ಬೇರೆ ಓಣಿಯವರಾಗಿದ್ದರೆ ಅರ್ಧವಾದರೂ ನಂಬುತ್ತಿದ್ದೆನೇನೋ.

"ಬರೂ ತಿಂಗಳ ಬಾಗೇವಾಡಿಗೆ ಸೇರ್ತೀವಲ್ರಿ? ನಿಮ್ಮೆದುರಿಗೇ ಊದತೀನಿ. ರಿಕಾರ್ಡು ಹಚ್ಚಿ ಕೂಡಿಸಿ ನೋಡ್ರಿ. ಸುಳ್ಳಾದ್ರ ಮತ್ತ ಈ ಮಾರಿ ತೋರ್ಸೂದಿಲ್ಲ."

ಮುಂದಿನ ತಿಂಗಳು ಬಾಗೇವಾಡಿಗೆ ನಾನೂ ಅವರೂ ಒಂದೇ ಬಸ್ಸಿನಲ್ಲಿ ಹೊರಟೆವು. ಅವರು ಎಂದಿನಂತೆ ನಿಂತಿದ್ದರು. ಹೂವಿನ ಹಿಪ್ಪರಗಿಯ ಹತ್ತಿರ ಎಮ್ಮೆಯೊಂದು ಅಡ್ಡ ಬಂತು, ಡ್ರೈವರ್ ಗಕ್ಕನೆ ಬ್ರೇಕು ಒತ್ತಿದ. ಮಾಸ್ತರರು ಎರಡೂ ಕೈಯಿಂದ ಟ್ರಂಪೆಟ್ಟು ಹಿಡಿದಿದ್ದರಲ್ಲ, ಮುಖ ಹೋಗಿ ಮುಂದಿನ ಸೀಟಿನ ಕಬ್ಬಿಣದ ಸರಳಿಗೆ ಬಡಿಯಿತು. ಮೇಲಿನ ಸಾಲಿನ ಮುಂದಿನ ಹಲ್ಲು ಮೂರು ಹೋದವು. ನಾನು ಟಾವೆಲು ಒತ್ತಿ ಹಿಡಿದರೆ, ಅವರು ರಕ್ತ ಉಗುಳುತ್ತ ಚೀಲ ಬಿಚ್ಚಿ ನೋಡಿದರು. "ಹಲ್ಲ ಹೋದ್ರ ಹೋಗ್ಲಿ ಮಲ್ಲಣ್ಣಾರ, ತುತ್ತೂರಿ ಉಳೀತು."

ತುತ್ತೂರಿ ಉಳಿಯಿತು, ಊದುವ ಬಾಯಿ ಉಳಿಯಲಿಲ್ಲ. ಟ್ರಂಪೆಟ್ಟಿಗೆ ತುಟಿ ಎಷ್ಟು ಮುಖ್ಯವೋ ತುಟಿಯ ಹಿಂದಿನ ಹಲ್ಲೂ ಅಷ್ಟೇ ಮುಖ್ಯ ಎಂದು ನನಗೆ ತಿಳಿದದ್ದೇ ಆಗ. ವಿಜಾಪುರಕ್ಕೆ ಹೋಗಿ ಹಲ್ಲು ಕಟ್ಟಿಸಿಕೊಂಡು ಬಂದರು. ಒಂದು ದಿನ ನನ್ನ ಅಂಗಡಿಯ ಮುಂದೆ ನಿಂತು ಊದಿದರು. ಫುಸ್ ಎಂದಿತು. ಮತ್ತೆ ಊದಿದರು. ಕಣ್ಣಲ್ಲಿ ನೀರು ಬಂತು. "ಗಾಳಿ ಸೋರತೈತ್ರಿ" ಎಂದು ಒರೆಸಿಕೊಂಡರು.

ಅಲ್ಲಿಂದ ಅವರ ಚಡಪಡಿಕೆ ಹೇಳತೀರದು. ಬ್ಯಾಂಡನ್ನು ಅಳಿಯನಿಗೆ ಒಪ್ಪಿಸಿದರು. ಕೆಂಪು ರುಮಾಲಿನ ಗಂಟು ಕಂಕುಳಲ್ಲಿ ಇಟ್ಟುಕೊಂಡು ಇಂದು ಇಂಡಿ, ನಾಳೆ ದೇವರ ಹಿಪ್ಪರಗಿ, ನಾಡಿದ್ದು ಮುದ್ದೇಬಿಹಾಳ. ಗ್ರಾಮೊಫೋನು ಇದ್ದ ಮನೆ ಕಂಡರೆ ಸಾಕು, "ಒಂದ ಸಲ ಕೇಳ್ರಿ, ಇದು ಯಾರು ಊದಿದ್ದು ಅನಸತೈತಿ?" ಎಂದು ಕೇಳುವರು. ಹಳಬರು ಯಾರಾದರೂ ತಮ್ಮ ಊದುವಿಕೆ ಗುರುತಿಸಿಯಾರು ಎಂಬ ಆಸೆ. ಜನ ಮೊದಮೊದಲು ಕೇಳಿದರು, ಆಮೇಲೆ ಚಾಷ್ಟಿ ಮಾಡಿ ನಕ್ಕರು, ಕೊನೆಗೆ ಇವರು ಬರುವುದು ಕಂಡರೆ ಬಾಗಿಲು ಮುಂದೆ ಮಾಡತೊಡಗಿದರು.

ಹೀಗೆ ನಾಲ್ಕು ವರ್ಷ. ಒಂದು ಮಧ್ಯಾಹ್ನ ಅಂಗಡಿಗೆ ಬಂದರು. ಸೊರಗಿದ್ದರು. ಅಡ್ಡಾಡುತ್ತ ಅಡ್ಡಾಡುತ್ತ ತಟ್ಟನೆ ನಿಂತು, "ಮಲ್ಲಣ್ಣಾರ, ಒಂದ ಮಾತು ಹೇಳ್ಲೇನು? ಈಗ ನನಗೂ ಖಾತ್ರಿ ಇಲ್ರಿ" ಎಂದರು.

"ಏನ ಖಾತ್ರಿ ಇಲ್ರಿ?"

"ಇದರಾಗ ಊದಾಂವ ನಾನ ಹೌದೋ ಅಲ್ಲೋ ಅಂತ. ಮಂದಿ ಅಲ್ಲ ಅಲ್ಲ ಅಂತಾರ. ಕೇಳಿದ್ರ ನನಗೂ ಯಾರೋ ಬ್ಯಾರೇದಾಂವ ಊದಿಧಾಂಗ ಅನಸತೈತಿ. ಎಲ್ಲಾ ಕನಸ ಕಂಡೀನೇನೋ."

ಅವರನ್ನು ನಾನು ಸುಳ್ಳ ಅಂದದ್ದೇ ಒಂದು, ಅವರೇ ತಮ್ಮನ್ನು ಸುಳ್ಳೆಂದುಕೊಳ್ಳುವುದೇ ಇನ್ನೊಂದು.

ಆ ದಿನ ರಿಪೇರಿಗೆ ಬಂದ ಮೈಕ್ ಸೆಟ್ಟೊಂದು ಟೇಬಲ್ಲಿನ ಮೇಲಿತ್ತು. ಕರೆಂಟಿನ ಪ್ಲೇಯರು, ಮನುಷ್ಯನೆತ್ತರದ ಸ್ಪೀಕರು. "ಕೊಡ್ರಿ, ಇದಕ್ಕ ಹಚ್ಚಿ ನೋಡೂನು" ಎಂದೆ. ಬೇಡವೆನ್ನುತ್ತಾರೆ ಎಂದುಕೊಂಡಿದ್ದೆ. "ಹಚ್ಚರಿ, ಬಿರಿದ್ರ ಬಿರೀಲಿ" ಎಂದು ಗಂಟನ್ನು ನನ್ನ ಕೈಗಿಟ್ಟು ಬಾಗಿಲಲ್ಲಿ ರಸ್ತೆ ನೋಡುತ್ತ ನಿಂತರು.

ಮುಳ್ಳು ಇಟ್ಟೆ. ತಂಡ ಬಾರಿಸಿತು. ಟ್ರಂಪೆಟ್ಟು ಏಳುವ ಮೊದಲು ಒಂದು ಗಳಿಗೆ ಎಲ್ಲ ನಿಲ್ಲುತ್ತದಲ್ಲ, ಆಗ ಸ್ಪೀಕರಿನ ತಳದಿಂದ ಏನೋ ಬಂತು. ದಪ್ ದಪ್.

ಚಾವಿ ಗ್ರಾಮೊಫೋನಿನ ಕೊಳವೆಯಲ್ಲಿ ಇಂಥ ದಪ್ಪ ಸದ್ದು ಹೊರಗೆ ಬರುವುದೇ ಇಲ್ಲ. ರೇಡಿಯೋ ರಿಪೇರಿಯವನು ನಾನು, ನನಗಿದು ಗೊತ್ತಿತ್ತು. ಆದರೆ ಹುಡುಕಬೇಕೆಂದು ಅನ್ನಿಸಿರಲೇ ಇಲ್ಲ. ಮುಳ್ಳು ಹಿಂದಕ್ಕಿಟ್ಟೆ. ದಪ್ ದಪ್. ಮೂರನೇ ಸಲ ರೆಕಾರ್ಡು ನೋಡಲಿಲ್ಲ, ಬಾಗಿಲಲ್ಲಿ ಬೆನ್ನು ಮಾಡಿ ನಿಂತಿದ್ದ ಮಾಸ್ತರರ ಎಡಗಾಲು ನೋಡಿದೆ. ಸ್ಪೀಕರು ಬಡಿದಾಗಲೇ ಅದೂ ಬಡಿಯಿತು, ಕೂದಲೆಳೆ ಹಿಂದೆ ಮುಂದೆ ಇಲ್ಲ. ಅವರಿಗೆ ಅದರ ಪರಿವೆಯೇ ಇರಲಿಲ್ಲ.

"ಮಾಸ್ತರ" ಎಂದೆ. "ನಿಮ್ಮ ಕಾಲು ಕೇಳ್ರಿ."

ಮತ್ತೆ ಹಚ್ಚಿದೆ. ಈ ಸಲ ಅವರು ಸ್ಪೀಕರಿನ ಮುಂದೆ ಬಗ್ಗಿ ಕೇಳಿದರು. ತಮ್ಮ ಕಾಲನ್ನು ನೋಡಿಕೊಂಡರು. ನನ್ನನ್ನು ನೋಡಿದರು.

"ನಾನ ಏನ್ರಿ?"

"ನೀವ ರೀ. ತಪ್ಪಾತ್ರಿ ನಂದು, ನೀವ ಊದೀರಿ."

ನಾನೇ ಹೋಗಿ ಚಹಾ ತಂದೆ, ನನ್ನ ಗ್ಲಾಸಿಗೆ ಹಾಕಿ ಕೊಟ್ಟೆ. ಅವರು ಗೂಡಿನ ಕಡೆ ಒಮ್ಮೆ ನೋಡಿದರು, ಆಮೇಲೆ ಗ್ಲಾಸು ಇಸಿದುಕೊಂಡರು. ಅದೇ ನಮ್ಮ ಕೊನೆಯ ಭೇಟಿ. ಮುಂದಿನ ತಿಂಗಳು ಬಾಗೇವಾಡಿಗೆ ಹೋಗಿ ದೇಸಾಯರಿಗೂ ಈರಣ್ಣನಿಗೂ ಕೇಳಿಸಬೇಕು ಎಂದು ಮಾತಾಡಿಕೊಂಡಿದ್ದೆವು. ಕೇಳಿಸಿದ್ದು ನಾನೊಬ್ಬನೇ. ಅಷ್ಟರಲ್ಲಿ ಮೋರಟಗಿಯಲ್ಲಿ ಅವರನ್ನು ಮಣ್ಣು ಮಾಡಿಯಾಗಿತ್ತು. ರೆಕಾರ್ಡನ್ನು ಅವರ ಅಳಿಯ ನನಗೇ ಕೊಟ್ಟ. ಗೆದ್ದಲು ತಿಂದ ಜಾಗಕ್ಕೆ ಕಾಗದ ಅಂಟಿಸಿ ಅವರ ಹೆಸರು ಬರೆದಿದ್ದೇನೆ.

ಆದರೆ ನನ್ನ ಕಣ್ಣಿಗೆ ಕಟ್ಟಿರುವುದು ಆ ಮಧ್ಯಾಹ್ನವೇ. ಚಹಾ ಕೈಯಲ್ಲಿ ಹಿಡಿದು ಮಾಸ್ತರರು ಸುತ್ತಲೂ ನೋಡಿದರು. ನನ್ನ ಸ್ಟೂಲು ಎಳೆದುಕೊಂಡು ಕೂತರು. ಆರೇಳು ವರ್ಷಗಳಲ್ಲಿ ಮೊದಲ ಸಲ.

"ಇನ್ನೊಮ್ಮಿ ಹಚ್ಚರಿ" ಎಂದರು.

ಹಚ್ಚಿದೆ. ಟ್ರಂಪೆಟ್ಟು ಎದ್ದು, ಏರಿ, ಮುಗಿಯುವ ತನಕ ಅಲುಗದೆ ಕೇಳಿದರು. ಆಮೇಲೆ, ಬೇರೆ ಯಾರದೋ ಮಗನ ಬಗ್ಗೆ ಕೇಳುವವರಂತೆ, "ಹುಡುಗ ಛಲೋ ಊದ್ಯಾನಲ್ರಿ?" ಎಂದರು.

"ಭಾಳ ಛಲೋ ಊದ್ಯಾನ್ರಿ" ಎಂದೆ.